ಆ್ಯಪ್‌ನಲ್ಲಿ ರಾಕಿ ಭಾಯ್ ಸಿಕ್ಕ, ಅಮ್ಮನ ಸೀರಿಯಲ್ ಹುಡುಗ ಸಿಗಲಿಲ್ಲ

ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಈ ಸಿನಿಮಾ ಆ್ಯಪ್ ಹಾಕಿಸಿದ್ದು ಅಮ್ಮನಿಗೋಸ್ಕರ. ಮಂಡಿ ಆಪರೇಷನ್ ಆಗಿತ್ತು, ಮನೆಯಲ್ಲೇ ಇರಬೇಕಿತ್ತು. ಏನು ಹಾಕ್ಲಮ್ಮ ಅಂದೆ. ‘ನಂದಗೋಕುಲ ಹಾಕು’ ಅಂದಳು. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ಸೀರಿಯಲ್. ಯಶ್, ರಾಧಿಕಾ ಪಂಡಿತ್ ಇಬ್ಬರೂ ಸಿನಿಮಾದಲ್ಲಿ ಹೆಸರು ಮಾಡುವ ಮುಂಚಿನದು. ಯಶ್ ಅಂದರೆ ಅಮ್ಮನಿಗೆ ಇವತ್ತಿಗೂ ಆ ಹುಡುಗನೇ.

ಹುಡುಕಿದೆ. ಕನ್ನಡದಲ್ಲಿ ‘ಯಶ್’ ಅಂತ ಟೈಪ್ ಮಾಡಿದರೆ ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಗಡ್ಡದ ಫೋಟೋಗಳ ಸಾಲು. ಕೆಜಿಎಫ್ ಒಂದು, ಕೆಜಿಎಫ್ ಎರಡು, ಹಳೇ ಸಿನಿಮಾಗಳ ಹಿಂದಿ ಡಬ್ಬಿಂಗ್. ಸೀರಿಯಲ್ ಇಲ್ಲ. ಅವು ಸಿಗಲ್ಲ ಅನ್ನೋದು ಮೊದಲೇ ಗೊತ್ತಿರಬೇಕಿತ್ತು ನನಗೆ, ಬಿಡಿ. ಆದರೆ ಮೂರು ಸಲ ಕೇಳಿದಳಲ್ಲ, ಬೇಜಾರಾಯಿತು.

ಕೆಳಗೆ ಎಲ್ಲೋ ಮೂಲೆಯಲ್ಲಿ ‘ಮೊಗ್ಗಿನ ಮನಸು’ ಇತ್ತು. 2008ರದ್ದು. ಸೀರಿಯಲ್ ಜೋಡಿಯೇ ಅಲ್ಲೂ. ಪ್ರಿಂಟ್ ಮಸುಕು, ಹಾಡು ಬಂದಾಗ ಸೌಂಡ್ ಜಾಸ್ತಿ, ಮಾತು ಬಂದಾಗ ಕಮ್ಮಿ. ರಿಮೋಟ್ ಕೈಯಿಂದ ಇಳಿಸುವ ಹಾಗಿಲ್ಲ. ಆದರೂ ಅಮ್ಮ ಎದ್ದು ಹೋಗಲಿಲ್ಲ. ನುಣ್ಣಗೆ ಶೇವ್ ಮಾಡಿದ, 22ರ ಹುಡುಗ. ‘ನೋಡು, ಇದೇ ನಮ್ಮ ಹುಡುಗ’ ಅಂದಳು. ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ಬಂದಿತ್ತು ಅಂದೆ. ‘ಬರದೆ ಏನು’ ಅಂತ ಮುಖ ತಿರುಗಿಸಿದಳು, ತಾನೇ ಕೊಡಿಸಿದ ಹಾಗೆ.

ಮಾರನೇ ದಿನ ಕೆಜಿಎಫ್. ಹಾಕಿದ ತಕ್ಷಣ ಹಿಂದಿಯಲ್ಲಿ ಶುರು! ನಿಲ್ಲಿಸಿ, ಸೆಟ್ಟಿಂಗ್ಸ್‌ಗೆ ಹೋಗಿ, ಆಡಿಯೋ ಹುಡುಕಿ, ಕನ್ನಡ ಒತ್ತಬೇಕು. ಮಧ್ಯೆ ಊಟಕ್ಕೆ ಎದ್ದು ಬಂದು ಮತ್ತೆ ಹಾಕಿದರೆ ಮತ್ತೆ ಹಿಂದಿ. ಐದು ಭಾಷೆಯಲ್ಲಿ ಬಿಡುಗಡೆಯಾದ ಸಿನಿಮಾ ಸರಿ, ಆದರೆ ತೆಗೆದದ್ದು ಕನ್ನಡದಲ್ಲಿ ಅಲ್ವಾ? ಕಸ್ಟಮರ್ ಕೇರ್‌ಗೆ ಬರೆದೆ. ‘ಆ್ಯಪ್ ಅಪ್‌ಡೇಟ್ ಮಾಡಿ’ ಅಂದರು. ಮಾಡಿದೆ. ಈಗಲೂ ಹಿಂದಿಯೇ.

ಒಂದು ಮಾತ್ರ ಒಪ್ಪಬೇಕು, ಕೆಜಿಎಫ್ ಪ್ರಿಂಟ್ ಕಣ್ಣಿಗೆ ಹಬ್ಬ. ಗಣಿಯ ಕತ್ತಲಲ್ಲೂ ಮುಖ ಸ್ಪಷ್ಟ. ಎರಡೂ ಸಿನಿಮಾ ಹಿಂದೆ ಮುಂದೆ ನೋಡಿದ್ದಕ್ಕೋ ಏನೋ, ನನಗೊಂದು ವಿಷಯ ಹೊಳೀತು. ಸೀರಿಯಲ್‌ನಲ್ಲಿ ಯಾರೋ ಒಂದು ಮಾತಾಡಿದರೆ ಕ್ಯಾಮೆರಾ ಎಲ್ಲರ ಮುಖದ ಮೇಲೂ ಹೋಗಿ ನಿಲ್ಲುತ್ತೆ. ಸುಮ್ನೆ ನಿಂತು ಮುಖದಲ್ಲೇ ಕತೆ ಹೇಳಬೇಕು. ಕೆಜಿಎಫ್‌ನಲ್ಲಿ ರಾಕಿ ಮಾಡೋದೂ ಬಹಳಷ್ಟು ಅದೇ. ಅನಂತ್ ನಾಗ್ ಕತೆ ಹೇಳ್ತಾರೆ, ಸುತ್ತ ಇರೋರು ಹೊಗಳ್ತಾರೆ, ಯಶ್ ಸುಮ್ನೆ ನೋಡ್ತಾರೆ. ಅಬ್ಬರದ ಡೈಲಾಗಿಗಿಂತ ನನಗೆ ಆ ನೋಟವೇ ಹಿಡಿಸಿತು. ಟಿವಿ ಚಾನೆಲ್ ಮುಖ್ಯಸ್ಥೆಯಾಗಿ ಮಾಳವಿಕಾ ಅವಿನಾಶ್ ಬಂದಾಗ ಅಮ್ಮ, ‘ಅರೆ, ಇವಳೂ ನಮ್ಮ ಸೀರಿಯಲ್ ಕಡೆಯವಳೇ!’

‘ಮೊಗ್ಗಿನ ಮನಸು’ ಬಂದ 2008ರಿಂದ ಮೊದಲ ಕೆಜಿಎಫ್ ಬಂದ 2018ರ ಡಿಸೆಂಬರ್‌ವರೆಗೆ ಹತ್ತು ವರ್ಷ. ಅದರ ನಡುವಿನ ಯಶ್ ಸಿನಿಮಾಗಳು, ‘ಗೂಗ್ಲಿ’, ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಥರದ್ದನ್ನೆಲ್ಲ ಒಂದು ಕಡೆ ಸಾಲಾಗಿ ಜೋಡಿಸಿ ಇಡೋಕೆ ಎಷ್ಟು ಹೊತ್ತು ಬೇಕು? ಇಸವಿ ಪ್ರಕಾರ ಜೋಡಿಸುವ ಆಯ್ಕೆಯೇ ಇಲ್ಲ. ನಾನೇ ಚೀಟಿಯಲ್ಲಿ ಬರೆದು ಟಿವಿ ಪಕ್ಕ ಅಂಟಿಸಿದ್ದೇನೆ.

ಐದರಲ್ಲಿ ಎರಡೂವರೆ. ಚಿತ್ರದ ಗುಣಮಟ್ಟಕ್ಕೆ ಎರಡು. ಉಳಿದ ಅರ್ಧ, ಮೂಲೆಯಲ್ಲಾದರೂ ‘ಮೊಗ್ಗಿನ ಮನಸು’ ಇಟ್ಟುಕೊಂಡಿದ್ದಕ್ಕೆ. ಅಮ್ಮ ಅದನ್ನು ನಿನ್ನೆ ಮೂರನೇ ಸಲ ಹಾಕಿಸಿಕೊಂಡಳು.