ನಿದ್ದೆಗೆ ಅಂತ ಹೋದರೆ ಹಗಲಿನ ಲೆಕ್ಕ ಕೇಳಿದರು: ಹುಬ್ಬಳ್ಳಿಯಲ್ಲಿ ಸಿಬಿಟಿ-ಐ ಚಿಕಿತ್ಸೆ ಹೇಗಿದೆ?

ನಿದ್ದೆ ಬಾರದವರಿಗೆ ಮಾತ್ರೆ ಇಲ್ಲದೆ, ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಸಿಬಿಟಿ-ಐ ಅನ್ನೋ ಚಿಕಿತ್ಸೆ ನಮ್ಮ ಹುಬ್ಬಳ್ಳಿಯಲ್ಲೂ ಸಿಗುತ್ತದೆ. ವಿದ್ಯಾನಗರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ಇದನ್ನು ಪೂರ್ತಿ ಮುಗಿಸಿದೆ. ಕ್ಲಿನಿಕ್ ಹೆಸರು ಹಾಕಿಲ್ಲ, ಯಾಕಂದ್ರೆ ಒಂದೆರಡು ದೂರುಗಳೂ ಇವೆ, ಮತ್ತೆ ನಿಮಗೆ ಬೇಕಾಗಿರೋದು ಈ ಚಿಕಿತ್ಸೆ ಹೇಗೆ ಅನ್ನೋದು ತಾನೇ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ವಾರಕ್ಕೆ 3 ರಾತ್ರಿಯಾದರೂ ನಿದ್ದೆ ಕೆಟ್ಟು, ಅದು 3 ತಿಂಗಳು ಹಾಗೇ ನಡೆದು, ಹಗಲಿನ ಕೆಲಸಕ್ಕೂ ತೊಂದರೆ ಆಗ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅಂತಾರೆ. ಇಂಥವರಿಗೆ ಮೊದಲು ಸಿಬಿಟಿ-ಐ ಕೊಡಿ, ಮಾತ್ರೆ ಆಮೇಲೆ ನೋಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನೋ ಅಲ್ಲಿನ ವೈದ್ಯರ ಸಂಘ 2016ರಲ್ಲೇ ಹೇಳಿದೆ.

ನಾನು ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೊದಲ ದಿನ ಚಿಕಿತ್ಸೆ ಕೊಡುವ ಮೇಡಂ ಹಾಸಿಗೆ, ದಿಂಬು, ಮೊಬೈಲ್ ಯಾವುದನ್ನೂ ಕೇಳಲಿಲ್ಲ. "ಹಗಲಾಗ ಏನೇನ್ ಆಗ್ತದ ಅದನ್ನ ಹೇಳ್ರಿ, ರಾತ್ರಿದು ಆಮ್ಯಾಲೆ ನೋಡೂಣು" ಅಂದರು. ಕೈಗೆ ಒಂದು ಹಾಳೆ ಕೊಟ್ಟರು. ಎಡಗಡೆ ಹಗಲಿನ ಕಿರಿಕಿರಿ: ಎಷ್ಟು ಗಂಟೆಗೆ, ಏನಾಯ್ತು, ಮೈಗೆ ಏನನ್ನಿಸ್ತು, ಹತ್ತಕ್ಕೆ ಎಷ್ಟು ಅಂಕ. ಬಲಗಡೆ ಆ ರಾತ್ರಿಯ ನಿದ್ದೆ. ನನ್ನ ಹಾಳೆಯ ಒಂದು ಸಾಲು ಹೀಗಿತ್ತು (ಪಾರ್ಟಿ ಅಂದರೆ ಮಾಲು ಕೊಂಡ ವ್ಯಾಪಾರಿ): "ಮಧ್ಯಾಹ್ನ 12, ಪಾರ್ಟಿ ಫೋನ್, ರೊಕ್ಕ ಮುಂದಿನ ವಾರ ಅಂದ್ರು, ಎದೆ ಬಿಗಿ, 8." ಅದೇ ಫೋನ್ ಪಕ್ಕದಲ್ಲೇ ಕೂತು ಕೇಳಿಸಿಕೊಂಡ ನಮ್ಮ ಇನ್ನೊಬ್ಬ ದಿವಾಣಜಿಯನ್ನು ಸಂಜೆ ಕೇಳಿದರೆ, ಯಾವ ಫೋನ್ ಅನ್ನೋದೇ ಅವರಿಗೆ ನೆನಪಿರಲಿಲ್ಲ.

ಇದನ್ನು ಹೇಳಿದಾಗ ಮೇಡಂ ಒಂದು ಅಧ್ಯಯನದ ವಿಷಯ ತೆಗೆದರು. ಚಾರ್ಲ್ಸ್ ಮೊರಿನ್ ಅನ್ನೋ ಕೆನಡಾದ ನಿದ್ರಾ ತಜ್ಞರು ಮತ್ತು ಅವರ ತಂಡ 2003ರಲ್ಲಿ ಪ್ರಕಟಿಸಿದ್ದು. ನಿದ್ದೆ ಬಾರದವರು, ಚೆನ್ನಾಗಿ ನಿದ್ದೆ ಮಾಡುವವರು, ಇಬ್ಬರ ದಿನದಲ್ಲೂ ಸಣ್ಣಪುಟ್ಟ ಕಿರಿಕಿರಿಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಅದು ತಟ್ಟಿದ್ದು ಮಾತ್ರ ನಿದ್ದೆ ಬಾರದವರಿಗೆ ಜಾಸ್ತಿ. ಮಲಗೋ ಹೊತ್ತಿಗೂ ಅವರ ಮೈಮನಸ್ಸು ಎಚ್ಚರದಲ್ಲೇ ಇರುತ್ತಿತ್ತು. "ನಿನಗೊಬ್ಬನಿಗೇ ಏನು ಅಷ್ಟು ಟೆನ್ಷನ್" ಅಂತ ಮನೆಯವರು ಕೇಳ್ತಾರಲ್ವಾ, ಅದಕ್ಕೆ ಉತ್ತರ ಇಲ್ಲಿದೆ. ಟೆನ್ಷನ್ ಎಲ್ಲರಿಗೂ ಇದೆ, ಕೆಲವರ ಮೈಯಿಂದ ಅದು ಸಂಜೆಗೆ ಇಳಿಯೋದಿಲ್ಲ, ಅಷ್ಟೇ. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅದೇ ಸಣ್ಣ ವಿಷಯ ಇನ್ನೂ ದೊಡ್ಡದಾಗಿ ಕಾಣುತ್ತದೆ, ಆ ರಾತ್ರಿ ನಿದ್ದೆ ಮತ್ತೂ ದೂರ ಹೋಗುತ್ತದೆ, ಸ್ವಲ್ಪ ದಿನ ಆದಮೇಲೆ ಕಾರಣ ಏನಿತ್ತು ಅನ್ನೋದೇ ಮರೆತು ಹಾಸಿಗೆ ಕಂಡರೇ ಎದೆ ಹೊಡೆದುಕೊಳ್ಳೋಕೆ ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಚಿಂತೆಗೆ ಅಂತಲೇ ಹೊತ್ತು ಗೊತ್ತು ಮಾಡಿದ್ದು. ಸಂಜೆ 6ಕ್ಕೆ, ಅಂಗಡಿಯಲ್ಲೇ, 15 ನಿಮಿಷ. ಆ ದಿನ ತಲೆ ತಿಂದದ್ದೆಲ್ಲ ಬರೆಯಬೇಕು, ಪ್ರತಿಯೊಂದರ ಮುಂದೆ ನಾಳೆ ಏನು ಮಾಡಬಹುದು ಅಂತ ಒಂದು ಸಾಲು. "ಪಾರ್ಟಿಗೆ ಗುರುವಾರ ಫೋನ್, ರೈತರಿಗೆ ಪಟ್ಟಿ ದುಡ್ಡು ಶುಕ್ರವಾರ." ಮಾಡೋಕೆ ಏನೂ ಇಲ್ಲದಿದ್ದರೆ ಹಾಗಂತಲೇ ಬರೆಯಬೇಕು. ರಾತ್ರಿ ಅದೇ ಯೋಚನೆ ಬಂದರೆ, ಇದರದ್ದು ನಾಳೆ 6ಕ್ಕೆ ಅಂತ ಬಿಟ್ಟುಬಿಡೋದು. ಮೊದಮೊದಲು ಇದೇನು ಮಕ್ಕಳಾಟ ಅನ್ನಿಸುತ್ತದೆ, ಬಿಡಬೇಡಿ.

ಉಳಿದ ನಿಯಮಗಳು ಕಟ್ಟುನಿಟ್ಟು. ಏಳೋ ಹೊತ್ತು ದಿನಾ ಒಂದೇ, ಭಾನುವಾರವೂ. ಸುಮಾರು 20 ನಿಮಿಷ ನಿದ್ದೆ ಬರಲಿಲ್ಲ ಅಂದರೆ ಸುಮ್ನೆ ಹೊರಳಾಡದೆ ಎದ್ದು ಬೇರೆ ಕಡೆ ಕೂಡಬೇಕು, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸಂಜೆ ಚಹಾ ಬಂದ್, ಯಾಕಂದ್ರೆ ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆ ಆದಮೇಲೂ ಮೈಯಲ್ಲಿ ಇರುತ್ತದೆ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೂ ಶುರುವಿಗೆ ಕಡಿಮೆ ಮಾಡ್ತಾರೆ, ನಿದ್ದೆ ಗಟ್ಟಿಯಾದಂತೆ ಸ್ವಲ್ಪಸ್ವಲ್ಪ ಜಾಸ್ತಿ ಮಾಡ್ತಾರೆ. ಈ ಹಂತ ನಿಜವಾಗ್ಲೂ ಕಷ್ಟ. ಹಗಲು ತೂಕಡಿಕೆ ಬರುತ್ತದೆ, ಹಾಗಾಗಿ ಆ ವಾರಗಳಲ್ಲಿ ಬೈಕ್ ಮನೆಯಲ್ಲೇ ಬಿಟ್ಟು ಚಿಗರಿ ಬಸ್ಸಿನಲ್ಲಿ ಓಡಾಡಿದೆ. ಮೂರ್ಛೆ ರೋಗ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ಈಗಾಗಲೇ ನಿದ್ದೆ ಮಾತ್ರೆ ತೊಗೊಳ್ತಿದ್ದರೆ ಅದನ್ನೂ ನೀವಾಗೇ ನಿಲ್ಲಿಸಬೇಡಿ.

ಈಗ ದೂರುಗಳು. ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ. ಮೇಡಂ ಕೂತು ಕನ್ನಡದಲ್ಲಿ ಹೇಳಿಕೊಟ್ಟರು ನಿಜ, ಆದರೆ ನನ್ನ ಜೊತೆ ಕಾಯುತ್ತಿದ್ದ ಕುಂದಗೋಳದ ಒಬ್ಬ ಅಜ್ಜಿ ಮೊಮ್ಮಗನ ಕೈಯಲ್ಲಿ ತಮ್ಮ ಕಷ್ಟವನ್ನೆಲ್ಲ ಬರೆಸಬೇಕಾಯ್ತು. ಮೊಮ್ಮಗನ ಮುಂದೆ ಎಲ್ಲವನ್ನೂ ಹೇಳೋಕಾಗುತ್ತಾ? ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸೋದು ಏನು ದೊಡ್ಡ ಖರ್ಚು? ಹೊತ್ತೂ ಪಾಲಿಸೋದಿಲ್ಲ, ಸಂಜೆ 5 ಅಂದರೆ 6 ಆಗುತ್ತಿತ್ತು, ಕಾಯುವ ಕೋಣೆಯಲ್ಲಿ ಟಿವಿ ನ್ಯೂಸ್ ಜೋರಾಗಿ ಕೂಗುತ್ತಿತ್ತು. ಟೆನ್ಷನ್ ಇಳಿಸಿಕೊಳ್ಳೋಕೆ ಬಂದವರಿಗೆ ಇದನ್ನು ಕೇಳಿಸಬಾರದು.

ಫೀ ಒಂದು ಸಲಕ್ಕೆ 800 ರೂಪಾಯಿ. ಅಷ್ಟು ಆಗದವರು ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ, ಅದು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಮನಸ್ಸಿನ ಒತ್ತಡದ ಬಗ್ಗೆ ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಖಾಸಗಿ ಕ್ಲಿನಿಕ್‌ಗೆ ಹೋಗೋದಾದರೆ ಮೊದಲೇ ಫೋನಿನಲ್ಲಿ "ನೀವು ಸಿಬಿಟಿ-ಐ ಮಾಡ್ತೀರಾ, ದಿನಾ ಬರೆಯೋ ಹಾಳೆ ಕೊಡ್ತೀರಾ" ಅಂತ ಕೇಳಿ. ಬರೀ "ಟೆನ್ಷನ್ ಮಾಡ್ಕೋಬ್ಯಾಡ್ರಿ" ಅಂತ ಹೇಳಿ ಕಳಿಸುವ ಕಡೆ ಹೋಗಬೇಡಿ.