ಚಿತ್ರದ ಪ್ರತಿಗಳನ್ನು ಮಾರುವವರಿಗೆ ಬಳ್ಳಾರಿಯ ಒಂದು ಪ್ರಿಂಟ್ ಅಂಗಡಿ

ಆನೆಗೊಂದಿಯ ಬಂಡೆಗಳನ್ನು, ಇಟಗಿಯ ಮಹಾದೇವ ದೇವಾಲಯವನ್ನು, ತುಂಗಭದ್ರೆಯ ದಂಡೆಯನ್ನು ಜಲವರ್ಣದಲ್ಲಿ ಬರೆದು, ಮೂಲಚಿತ್ರದ ಬೆಲೆ ಕೊಡಲಾಗದ ಪ್ರವಾಸಿಗರಿಗೆ ಅವುಗಳ ಮುದ್ರಿತ ಪ್ರತಿಗಳನ್ನು ಮಾರುವ ಕೊಪ್ಪಳದ ಕಲಾವಿದರಲ್ಲಿ ನಾನೂ ಒಬ್ಬಳು. ನಮ್ಮ ಜಿಲ್ಲೆಯಲ್ಲಿ ಪ್ರೆಸ್ಸುಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಲಗ್ನಪತ್ರಿಕೆ, ಬಿಲ್‌ಬುಕ್ ಮತ್ತು ಫ್ಲೆಕ್ಸ್ ಬ್ಯಾನರುಗಳಿಗಾಗಿ ಇರುವಂಥವು. ಈಗ ನಾನು ಕೆಲಸ ಕೊಡುತ್ತಿರುವುದು ಬಳ್ಳಾರಿಯ ಒಂದು ಚಿಕ್ಕ ಫೋಟೊ ಲ್ಯಾಬಿಗೆ. ಎ4 ಮತ್ತು ಎ3 ಅಳತೆಯ ಜಲವರ್ಣ ಅಥವಾ ಇಂಕ್ ಚಿತ್ರಗಳ ಮಟ್ಟಿಗೆ ಈ ಅಂಗಡಿಯನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ದೊಡ್ಡ ತೈಲವರ್ಣಗಳಿಗೆ ಮಾತ್ರ ಮಾಡುವುದಿಲ್ಲ.

ಮೊದಲು ಶಾಯಿಯ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ರಸ್ತೆ ಬದಿಯ ಬ್ಯಾನರುಗಳನ್ನು ಗಮನಿಸಿದವರಿಗೆ ಹಳದಿ ಮತ್ತು ಕೆಂಪು ಮೊದಲು ಮಾಸಿ, ಕೊನೆಗೆ ನೀಲಿಯಷ್ಟೇ ಉಳಿಯುವುದು ಗೊತ್ತಿರುತ್ತದೆ. ಹಂಪಿ–ಆನೆಗೊಂದಿಯ ಬಂಡೆಗಳ ಬಣ್ಣವೆಲ್ಲ ಆ ಹಳದಿ ಮತ್ತು ಕೆಂಪಿನ ಬೆರಕೆಯಲ್ಲೇ ಇರುವುದರಿಂದ, ಅಗ್ಗದ ಶಾಯಿಯಲ್ಲಿ ಮುದ್ರಿಸಿದ ಚಿತ್ರದಲ್ಲಿ ಮೊದಲು ಸಾಯುವುದು ಬಂಡೆಗಳೇ. ಡೈ ಶಾಯಿ ನೀರಿನಲ್ಲಿ ಕರಗಿದ ಬಣ್ಣ. ಹೊಸದರಲ್ಲಿ ಬಹಳ ಹೊಳೆಯುತ್ತದೆ, ಬೆಳಕಿಗೆ ಬೇಗ ಸೋಲುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳೇ ಕಾಗದದ ಮೇಲೆ ಕೂರುವುದರಿಂದ ಅದು ಹೆಚ್ಚು ಕಾಲ ನಿಲ್ಲುತ್ತದೆ. ಈ ಲ್ಯಾಬಿನಲ್ಲಿರುವುದು ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಯಂತ್ರ. ನಾಲ್ಕೇ ಬಣ್ಣಗಳನ್ನು ಬಳಸುವ ಡಿಜಿಟಲ್ ಪ್ರೆಸ್ಸಿನಲ್ಲಿ ಅಲ್ಟ್ರಾಮರೀನ್ ನೀಲಿ ನೇರಳೆಯತ್ತ ವಾಲುವುದು ಮತ್ತು ಗಾಢ ಕಿತ್ತಳೆ ಮಂಕಾಗುವುದು ಸಾಮಾನ್ಯ. ಹೆಚ್ಚುವರಿ ಬಣ್ಣದ ಕಾರ್ಟ್ರಿಜ್‌ಗಳಿರುವ ಈ ಯಂತ್ರದಲ್ಲಿ ಆ ದೋಷ ಪೂರ್ತಿ ಹೋಗಿಲ್ಲ, ಬಹಳ ಕಡಿಮೆಯಾಗಿದೆ. ಇಷ್ಟಾದರೂ ಯಂತ್ರದ ಹೆಸರು ಕೇಳಿ ಅಂಗಡಿ ಆರಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇ ಯಂತ್ರವಿದ್ದ ಇನ್ನೊಂದು ಅಂಗಡಿಯವರು ಪ್ರೂಫ್, ಅಂದರೆ ಬಣ್ಣ ನೋಡಿ ಒಪ್ಪಲು ಮೊದಲು ತೆಗೆಯುವ ಮಾದರಿ ಮುದ್ರಣ, ಕೊಡಲು ಒಪ್ಪದೆ, ಪರದೆಯ ಮೇಲೆ ಬಣ್ಣ ನೋಡಿ ಪೂರ್ತಿ ಆರ್ಡರಿಗೆ ಹಣ ಕಟ್ಟಬೇಕೆಂದು ಹೇಳಿದ್ದರು. ಅಲ್ಲಿ ನಾನು ಕೆಲಸ ಕೊಡಲಿಲ್ಲ.

ಬಳ್ಳಾರಿಯ ಈ ಲ್ಯಾಬಿನವರು ಪ್ರೂಫ್ ಕೊಡುವ ಕ್ರಮವೇ ನನಗೆ ಬಹಳ ಹಿಡಿಸಿತು. ಇಡೀ ಚಿತ್ರದ ಬದಲು, ಆಕಾಶ, ಬಂಡೆ ಮತ್ತು ನೆರಳು ಮೂರೂ ಬರುವಂಥ ಒಂದು ಪಟ್ಟಿಯನ್ನು ಮೂಲ ಅಳತೆಯಲ್ಲೇ, ಕೊನೆಗೆ ಬಳಸುವ ಕಾಗದದ ಮೇಲೆಯೇ ಮುದ್ರಿಸಿ ಕೊಡುತ್ತಾರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದನ್ನು ನೋಡಿ ನಾನು ಒಪ್ಪಿಗೆ ಹೇಳಹೊರಟಾಗ ಮಾಲೀಕರೇ ತಡೆದು, "ಈಗ ಬ್ಯಾಡ್ರಿ ಅಕ್ಕಾರ, ಶಾಯಿ ಪೂರ್ತಿ ಒಣಗಲಿ. ನಾಳೆ ಮುಂಜಾನೆ ಬೆಳಕಿನ್ಯಾಗ ಮೂಲಚಿತ್ರದ ಬಾಜೂಕ ಇಟ್ಟು ನೋಡ್ರಿ, ಆಮ್ಯಾಲೆ ಹೇಳ್ರಿ" ಎಂದರು. ಟ್ಯೂಬ್‌ಲೈಟಿನಲ್ಲಿ ಹೊಂದಿಕೆಯಾಗಿ ಕಂಡ ಎರಡು ಕಂದುಗಳು ಹಗಲಿನಲ್ಲಿ ಬೇರೆಬೇರೆಯಾಗಿ ಕಾಣಬಹುದೆಂಬುದು ಬಣ್ಣದ ಕೆಲಸ ಮಾಡುವವರಿಗೆಲ್ಲ ತಿಳಿದದ್ದೇ. ಆದರೆ ಆರ್ಡರು ಕೈಗೆ ಬಂದ ಹೊತ್ತಿನಲ್ಲಿ ಅದನ್ನು ಗಿರಾಕಿಗೆ ನೆನಪಿಸುವ ಮುದ್ರಕರು ಅಪರೂಪ. ಮರುದಿನ ನೋಡಿದಾಗ ನೆರಳುಗಳು ತುಸು ಹಸಿರಾಗಿದ್ದವು. ಅದನ್ನು ತಿದ್ದಿ ಎರಡನೆಯ ಪಟ್ಟಿಯನ್ನು ಬೇರೆ ಹಣ ಕೇಳದೆ ಕೊಟ್ಟರು.

ಸ್ಕ್ಯಾನಿನಲ್ಲಿ ಕಳೆದುಹೋದ ವಿವರವನ್ನು ಎಷ್ಟು ಒಳ್ಳೆಯ ಮುದ್ರಣವೂ ಮರಳಿ ತರಲಾರದು. ಎ3 ಪ್ರತಿಯನ್ನು ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಮುದ್ರಿಸಲು 3508 × 4961 ಪಿಕ್ಸೆಲ್‌ಗಳ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಕುಗ್ಗುವುದರಿಂದ ಅದು ಕೆಲಸಕ್ಕೆ ಬರುವುದಿಲ್ಲ. ಈ ಲ್ಯಾಬಿನವರು ಪೆನ್‌ಡ್ರೈವಿನಲ್ಲಿ, ಚಿತ್ರದ ವಿವರ ಕಳೆಯದಂತೆ ಉಳಿಸುವ ಟಿಫ್ ಫೈಲನ್ನೇ ಕೇಳುತ್ತಾರೆ. ಅವರ ಸ್ಕ್ಯಾನರಿನ ಗಾಜು ಎ4 ಅಳತೆಯದು. ದೊಡ್ಡ ಚಿತ್ರವನ್ನು ಎರಡು ಭಾಗವಾಗಿ ಸ್ಕ್ಯಾನ್ ಮಾಡಿ ಜೋಡಿಸುತ್ತಾರೆ, ಜೋಡಣೆಯ ಗೆರೆ ಕಾಣುವುದಿಲ್ಲ. ಜಲವರ್ಣದ ತೀರಾ ತಿಳಿಯಾದ ಲೇಪಗಳು ಸ್ಕ್ಯಾನಿನಲ್ಲಿ ಬಿಳಿಯಾಗಿಬಿಡುವ ಸಮಸ್ಯೆ ಇಲ್ಲಿಯೂ ಇದೆ. ಮುಂಜಾವಿನ ಆಕಾಶಗಳನ್ನು ಬರೆಯುವವರು ಪ್ರೂಫಿನಲ್ಲಿ ಆ ಭಾಗವನ್ನು ತಪ್ಪದೆ ಸೇರಿಸಿಕೊಳ್ಳಬೇಕು. ನಮ್ಮ ಜಿಲ್ಲೆಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳ ಕಲೆಯ ಪ್ರಭಾವದಲ್ಲಿ ಬಂಗಾರ ಮತ್ತು ಬೆಳ್ಳಿಯ ಹೊಳಪನ್ನು ಬಳಸುವವರಿಗೂ ಒಂದು ಮಾತು: ಆ ಹೊಳಪು ಸಾಮಾನ್ಯ ಇಂಕ್‌ಜೆಟ್ಟಿನಲ್ಲಿ ಬರುವುದಿಲ್ಲ, ಪ್ರತಿಯಲ್ಲಿ ಅದು ಕಂದು ಅಥವಾ ಬೂದುಬಣ್ಣವಾಗಿ ಇಳಿಯುತ್ತದೆ.

ಕಾಗದದಲ್ಲಿ ಅಂಗಡಿಯ ದೌರ್ಬಲ್ಯವಿದೆ. ಆಮ್ಲರಹಿತ ಹತ್ತಿ ಕಾಗದ ಅವರಲ್ಲಿ ಸದಾ ಇರುವುದಿಲ್ಲ. ಬೆಂಗಳೂರಿನಿಂದ ತರಿಸಬೇಕಾಗುತ್ತದೆ, ಬೆಲೆಯೂ ಹೆಚ್ಚು. ಸದಾ ಸಿಗುವ, ಹೊಳಪಿಲ್ಲದ ಮ್ಯಾಟ್ ಕಾಗದ ನೋಡಲು ಚೆನ್ನಾಗಿದೆ, ಆದರೆ ಅದರ ಅತಿಯಾದ ಬಿಳುಪು ಕಾಗದವನ್ನು ಬೆಳ್ಳಗೆ ತೋರಿಸಲು ಸೇರಿಸಿದ ರಾಸಾಯನಿಕಗಳಿಂದ ಬಂದದ್ದು. ಆ ಬಿಳುಪು ಕಾಲಕ್ರಮದಲ್ಲಿ ಇಳಿದು ಕಾಗದ ಹಳದಿಗೆ ತಿರುಗುತ್ತದೆ. ಆದ್ದರಿಂದ ಸಹಿ ಹಾಕಿ, ಸಂಖ್ಯೆ ಬರೆದು, ಇಂತಿಷ್ಟೇ ಪ್ರತಿಗಳೆಂದು ಮಾರುವ ಚಿತ್ರಗಳಿಗೆ ಕಾದು ಹತ್ತಿ ಕಾಗದವನ್ನೇ ತರಿಸಿಕೊಳ್ಳುತ್ತೇನೆ. ಆನೆಗೊಂದಿಯಲ್ಲಿ ಮಾರುವ ಎ4 ಪ್ರತಿಗಳಿಗೆ ಮ್ಯಾಟ್ ಕಾಗದ ಬಳಸಿ, ಅದನ್ನು ಗಿರಾಕಿಗೆ ಹೇಳಿಯೇ ಕೊಡುತ್ತೇನೆ. ಕಟಿಂಗ್ ಅಚ್ಚುಕಟ್ಟಾಗಿದೆ. ಪ್ಯಾಕಿಂಗ್ ಸುಧಾರಿಸಬೇಕು, ಪ್ರತಿಗಳ ನಡುವೆ ಬಟರ್ ಪೇಪರ್ ಇಡುವಂತೆ ಪ್ರತಿ ಸಲವೂ ಕೇಳಬೇಕಾಗುತ್ತದೆ.

ಫೈಲಿನ ವಿಷಯದಲ್ಲಿ ಮಾಲೀಕರ ನಡತೆ ಮೆಚ್ಚುವಂಥದ್ದು. ಆರ್ಡರು ಮುಗಿದ ಮೇಲೆ ಫೈಲನ್ನು ನಮ್ಮೆದುರೇ ಅಳಿಸುತ್ತಾರೆ. ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಕೆಂದರೆ ನಮ್ಮನ್ನು ಕೇಳಿ ಇಟ್ಟುಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಮ್ಮಿಷ್ಟಕ್ಕೆ ಬರೆದ ಚಿತ್ರದ ಮೂಲವನ್ನು ಮಾರಿದ ಮೇಲೂ, ಬರಹದಲ್ಲಿ ವರ್ಗಾಯಿಸದ ಹೊರತು, ಪ್ರತಿ ತೆಗೆಯುವ ಹಕ್ಕು ನಮ್ಮಲ್ಲೇ ಉಳಿಯುತ್ತದೆ. ಆದರೆ ಯಾರಾದರೂ ಹಣ ಕೊಟ್ಟು ಬರೆಸಿಕೊಂಡ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಹಕ್ಕು ಬರೆಸಿದವರದು. ಅಂಥ ಚಿತ್ರವನ್ನು ಮುದ್ರಣಕ್ಕೆ ಕೊಡುವ ಮೊದಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಸ್ವಂತ ಕಲ್ಲಚ್ಚಿನ ಪ್ರೆಸ್ಸನ್ನೇ ಹಾಕಿ ತಮ್ಮ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ತಲುಪಿಸಿದರು. ಆ ಅನುಕೂಲ ನಮಗಿಲ್ಲದಿರುವಾಗ, ನಮ್ಮ ಫೈಲು ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆಂದು ಕೇಳುವುದು ಅಗತ್ಯ.

ದಪ್ಪ ಬಣ್ಣದ ತೈಲವರ್ಣಗಳನ್ನು ಇಲ್ಲಿ ಕೊಡಬೇಡಿ. ಕುಂಚದ ಉಬ್ಬುಗಳ ಮೇಲೆ ಸ್ಕ್ಯಾನರಿನ ಬೆಳಕು ಹೊಳೆದು ಬಿಳಿ ಚುಕ್ಕೆಗಳು ಬೀಳುತ್ತವೆ. ಅವುಗಳನ್ನು ಎರಡೂ ಬದಿಯಿಂದ ಸಮನಾಗಿ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ತೆಗೆಯಬೇಕು, ಆ ವ್ಯವಸ್ಥೆ ಇವರಲ್ಲಿಲ್ಲ. ಅಂಥ ಕೆಲಸಕ್ಕೆ ಮತ್ತು ಎ2ಗಿಂತ ದೊಡ್ಡ ಪ್ರತಿಗಳಿಗೆ ಬೆಂಗಳೂರು ಅಥವಾ ಹೈದರಾಬಾದಿಗೆ ಹೋಗುವುದೇ ಸರಿ. ಬೆಲೆ ಡಿಜಿಟಲ್ ಪ್ರೆಸ್ಸಿಗಿಂತ ಸಾಕಷ್ಟು ಹೆಚ್ಚು, ಆದರೆ ಒಂದೇ ಪ್ರತಿಯನ್ನೂ ಮುದ್ರಿಸಿಕೊಡುವುದರಿಂದ ಮಾರಾಟವಾಗದ ಕಟ್ಟು ಮನೆಯಲ್ಲಿ ಉಳಿಯುವುದಿಲ್ಲ. ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಗೆ ಪ್ರತಿಗಳು ಬೇಕಿದ್ದರೆ, ಹೊಸ ವರ್ಷದ ಕ್ಯಾಲೆಂಡರುಗಳ ಕೆಲಸ ತುಂಬಿಕೊಳ್ಳುವ ಮೊದಲೇ, ಅಂದರೆ ನವೆಂಬರಿನಲ್ಲೇ ಪ್ರೂಫ್ ಒಪ್ಪಿ ಮುಗಿಸಿರಬೇಕು.