ಸಾಲ್ಮನ್ ಎಣ್ಣೆ ಅಂತ ಕೊಂಡೆ, ಡಿಸೆಂಬರ್ ಚಳಿಗೆ ಬಣ್ಣ ಬಯಲಾಯಿತು

ನಾಯಿ ಸಾಕಿರುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ಚಿನ್ನು ನಾಲ್ಕು ವರ್ಷದ ಲ್ಯಾಬ್ರಡಾರ್ ನಾಯಿ. ದೀಪಾವಳಿ ಕಳೆದ ಮೇಲೆ ಬಾಲದ ಬುಡದಲ್ಲಿ ಕೂದಲು ಉದುರಲು ಶುರುವಾಯಿತು. ರಾತ್ರಿಯೆಲ್ಲ ಕೆರೆತ, ಕಾಲು ನೆಲಕ್ಕೆ ಬಡಿಯುವ ಸದ್ದು. ಡಾಕ್ಟರ ಹತ್ತಿರ ಹೋಗೋದು ಬಿಟ್ಟು ನಾನು ಫೋನ್ ಹಿಡಿದು ಕೂತೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬಾಕೆ ಸಿಕ್ಕಳು. ಪೆಟ್ ನ್ಯೂಟ್ರಿಷನಿಸ್ಟ್ ಅಂತೆ. ಫೋಟೋ ಕಳಿಸಿದ ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜು. "ಅಕ್ಕ, ಇದು ಪೂರ್ತಿ ಹೊಟ್ಟೆ ಪ್ರಾಬ್ಲಮ್ಮು. ಚಿಕನ್ ಉಷ್ಣ, ಅಂಗಡಿ ಪೆಲೆಟ್ ತಿಂಡಿ ವಿಷ. ಎರಡೂ ನಿಲ್ಲಿಸಿಬಿಡಿ." ನಾಯಿಯನ್ನು ಮುಟ್ಟಿಲ್ಲ, ಕಣ್ಣಾರೆ ನೋಡಿಲ್ಲ. ಒಂದು ಫೋಟೋ ಅಷ್ಟೇ! ಆಗಲೇ ಬುದ್ಧಿ ಬರಬೇಕಿತ್ತು.

ಡಯಟ್ ಚಾರ್ಟಿಗೆ 999. ಸಾಲ್ಮನ್ ಅನ್ನೋ ಮೀನಿನ ಎಣ್ಣೆ 250 ಎಂಎಲ್ ಬಾಟಲಿಗೆ 1,450, ಎರಡು ತಗೊಳ್ಳಲೇಬೇಕು. ಒಟ್ಟು 3,899 ರೂಪಾಯಿ. ದುಡ್ಡು ಹಾಕುವಾಗ ಬೇರೆ ಯಾರದೋ ಹೆಸರು ಬಂತು. "ನಮ್ ಹಸ್ಬೆಂಡ್ ಅಕೌಂಟ್ ಅಕ್ಕ" ಅಂದಳು. ಹಾಕಿಬಿಟ್ಟೆ.

ಚಾರ್ಟ್ ಏನು ಗೊತ್ತಾ? ಅನ್ನ, ಸಿಹಿಗುಂಬಳ, ಮೊಸರು, ಎರಡು ಎಸಳು ಬೆಳ್ಳುಳ್ಳಿ, ಮೇಲೆ ಒಂದು ಚಮಚ ಎಣ್ಣೆ. ದಿನಾ ಎರಡು ಹೊತ್ತು. ಬೆಳಿಗ್ಗೆ ನಮಗೆ ಉಪ್ಪಿಟ್ಟು ಮಾಡೋಕೆ ಪುರುಸೊತ್ತಿಲ್ಲದವಳು ನಾಯಿಗೆ ಕುಂಬಳಕಾಯಿ ಹೆಚ್ಚುತ್ತಾ ನಿಂತೆ.

ಮೊದಲ ವಾರವೇ ಭೇದಿ. "ಡಿಟಾಕ್ಸ್ ಅಕ್ಕ, ಒಳಗಿನ ಕಲ್ಮಶ ಹೊರಗೆ ಬರ್ತಿದೆ." ಮೂರನೇ ವಾರ ಕೆರೆತ ಇನ್ನೂ ಜಾಸ್ತಿ. "ಜಾಸ್ತಿ ಆದ್ಮೇಲೇನೇ ಕಮ್ಮಿ ಆಗೋದು ಅಕ್ಕ." ಐದನೇ ವಾರ ಪಕ್ಕೆಲುಬು ಕಾಣತೊಡಗಿತು. "ನೀವು ಮನಸಿಟ್ಟು ಮಾಡ್ತಿಲ್ಲ ಅನ್ಸತ್ತೆ." ನಾನು ಮನಸಿಟ್ಟು ಮಾಡ್ತಿಲ್ಲವಂತೆ!

ಡಿಸೆಂಬರ್ ಕೊನೆ ವಾರ. ಮೈಸೂರಿನ ಚಳಿ ಗೊತ್ತಲ್ಲ. ಬೆಳಿಗ್ಗೆ ಅಡುಗೆಮನೆ ಕಿಟಕಿ ಮೇಲಿದ್ದ ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳುತ್ತಿಲ್ಲ. ಬೆಳಕಿಗೆ ಹಿಡಿದೆ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದೆ. ಅಮ್ಮ ಬಂದು ನೋಡಿದರು. "ಬಿಸಿಲಿಗಿಡು, ಕರಗತ್ತೆ. ಕೊಬ್ಬರಿ ಎಣ್ಣೆ ತಾನೆ?" ಅಂದರು. ಅಷ್ಟು ಸಲೀಸಾಗಿ! ಬಚ್ಚಲುಮನೆಯಿಂದ ನೀಲಿ ಡಬ್ಬಿ ತಂದು ಪಕ್ಕದಲ್ಲಿಟ್ಟೆ. ಅದೂ ಗಟ್ಟಿ, ಇದೂ ಗಟ್ಟಿ. ಮೀನೆಣ್ಣೆ ಈ ಚಳಿಗೆಲ್ಲ ಹೀಗೆ ಹೆಪ್ಪುಗಟ್ಟಲ್ಲ. ಕೊಬ್ಬರಿ ಎಣ್ಣೆಗೆ ಒಂಚೂರು ಮೀನಿನ ವಾಸನೆ ಸೇರಿಸಿ ಕೊಟ್ಟಿದ್ದಾಳೆ. ಆರು ವಾರ ಅದನ್ನೇ ಅಳೆದು ಅಳೆದು ಹಾಕಿದೆ ನಾನು.

ಫೋಟೋ ಕಳಿಸಿದೆ. ಉತ್ತರ ಕೇಳಿ: "ಒಳ್ಳೆ ಕ್ವಾಲಿಟಿ ಸಾಲ್ಮನ್ ಗಟ್ಟಿ ಆಗತ್ತೆ ಅಕ್ಕ." ಲ್ಯಾಬ್ ರಿಪೋರ್ಟ್ ಕೇಳಿದರೆ "ಅದು ನಮ್ಮ ಸೀಕ್ರೆಟ್." ದುಡ್ಡು ವಾಪಸ್ ಕೇಳಿದರೆ "ಓಪನ್ ಮಾಡಿರೋ ಬಾಟಲಿ ತಗೊಳಲ್ಲ." ಓಪನ್ ಮಾಡದೆ ನಾಯಿಗೆ ಹೇಗಮ್ಮ ಹಾಕೋದು? ಆಮೇಲೆ ಬ್ಲಾಕ್.

ಅವತ್ತೇ ಡಾಕ್ಟರ ಹತ್ತಿರ ಓಡಿದೆ. ಅವರು ಹೇನಿನ ಬಾಚಣಿಗೆಯಂಥದ್ದರಲ್ಲಿ ಬಾಲದ ಬುಡ ಬಾಚಿದರು. ಕರಿಮೆಣಸಿನ ಪುಡಿ ಥರ ಏನೋ ಉದುರಿತು. ಒದ್ದೆ ಹತ್ತಿಯ ಮೇಲೆ ಹಾಕಿದರೆ ಅದರ ಸುತ್ತ ಕೆಂಪಗೆ ಹರಡಿತು. ರಕ್ತ! ಚಿಗಟದ ಹಿಕ್ಕೆ ಅದು. ಚಿಗಟದ ಜೊಲ್ಲು ಕೆಲವು ನಾಯಿಗಳಿಗೆ ಆಗಿಬರಲ್ಲವಂತೆ, ಒಂದೆರಡು ಕಚ್ಚಿದರೂ ಸಾಕಂತೆ. ಅದಕ್ಕೆ ಬೇಕಿದ್ದದ್ದು ಚಿಗಟದ ಔಷಧಿ. ಕುಂಬಳಕಾಯಿ ಅಲ್ಲ. ಬೆಳ್ಳುಳ್ಳಿ ಅಂದ ತಕ್ಷಣ ಬೈದರು, ಸರಿಯಾಗಿ ಬೈದರು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಹಾಳು ಮಾಡುತ್ತವೆ. "ಕೂದಲು ಅನ್ನೋದೇ ಪ್ರೋಟೀನು, ನೀವು ಅದನ್ನೇ ನಿಲ್ಲಿಸಿದ್ದೀರಲ್ಲ" ಅಂದರು. ತಲೆ ತಗ್ಗಿಸಿ ಕೂತಿದ್ದೆ.

ಊಟದಿಂದ ಚರ್ಮ ಸುಧಾರಿಸೋದು ಸುಳ್ಳಲ್ಲ. ಆದರೆ ಮೊದಲು ಚಿಗಟ, ಹುಳ, ಫಂಗಸ್ ಇದೆಯಾ ಅಂತ ತೋರಿಸಿ. ಮೀನೆಣ್ಣೆ ತಗೊಂಡರೆ ಬಾಟಲಿ ಮೇಲೆ ಇಪಿಎ, ಡಿಎಚ್‌ಎ (ಮೀನೆಣ್ಣೆಯಲ್ಲಿರೋ ಒಮೆಗಾ-3 ಕೊಬ್ಬಿನಂಶಗಳು) ಎಷ್ಟು ಮಿಲಿಗ್ರಾಂ ಅಂತ ಬರೆದಿರಬೇಕು. ಬರೀ ಒಮೆಗಾ ಅಂತ ದೊಡ್ಡಕ್ಷರದಲ್ಲಿ ಬರೆದರೆ ಆಗಲ್ಲ. ಎಷ್ಟು ಹಾಕಬೇಕು ಅಂತ ಡಾಕ್ಟರನ್ನೇ ಕೇಳಿ. ಅಸಲಿ ಎಣ್ಣೆಗೂ ಆರೆಂಟು ವಾರ ಬೇಕು. ಆ ಕಾಯುವಿಕೆಯನ್ನೇ ಇವಳಂಥವರು ಬಂಡವಾಳ ಮಾಡಿಕೊಳ್ಳೋದು. ಕೊಬ್ಬರಿ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೇ ಇಲ್ಲ ಅನ್ನಬಹುದು. ನನ್ನ ಹಾಗೆ ಫೋಟೋ ಕಳಿಸಿ ಔಷಧಿ ಕೇಳಬೇಡಿ, ಅಷ್ಟೇ.

ಇನ್ನೊಂದು ಹೇಳಲೇಬೇಕು. ಎರಡನೇ ವಾರ, ಸ್ನಾನ ಮಾಡಿಸಿದ ದಿನ ಚಿನ್ನು ಹೊಳೆಯುತ್ತಿದ್ದಳು. ಖುಷಿಯಲ್ಲಿ ಆ ನ್ಯೂಟ್ರಿಷನಿಸ್ಟ್‌ಗೆ ಒಂದು ಫೋಟೋ ಕಳಿಸಿದ್ದೆ. ಎದುರುಮನೆ ಆಂಟಿಗೂ ಅವಳ ನಂಬರ್ ಕೊಟ್ಟಿದ್ದೆ, ಅವರೂ ಒಂದು ಬಾಟಲಿ ತರಿಸಿದರು. ಆ 1,450 ನಾನೇ ಕೊಟ್ಟೆ. ಬೇಡ ಅನ್ನದೆ ತಗೊಂಡರು, ತಪ್ಪೇನಿಲ್ಲ. ನಿನ್ನೆ ಅದೇ ಆಂಟಿ ಫೋನ್ ಹಿಡಿದುಕೊಂಡು ಬಂದು ಅವಳ ಸ್ಟೇಟಸ್ ತೋರಿಸಿದರು. 'ಮೊದಲು' ಅಂತ ಕೂದಲೆಲ್ಲ ಉದುರಿದ ಯಾವುದೋ ನಾಯಿ. 'ನಂತರ' ಅಂತ ನಮ್ಮ ಚಿನ್ನು. ಹಿಂದೆ ನಮ್ಮ ತುಳಸಿಕಟ್ಟೆ, ಅಮ್ಮ ಒಣಗಲು ಹಾಕಿದ್ದ ಸೀರೆ, ಎಲ್ಲ ಹಾಗೇ ಕಾಣುತ್ತಿದೆ.